ಹಿತ್ತಲಿನ ರೂಮು ಮನೆಯ ಲೆಕ್ಕಕ್ಕೆ ಬರುತ್ತಾ?

"ಇಲ್ಲಿ ಸ್ಟೌವ್ ಎಲ್ಲಿ ಬರುತ್ತೆ?" ಎಂದು ಮನೆಗೆ ಬೆಲೆ ಕಟ್ಟಲು ಬಂದಿದ್ದ ಅಪ್ರೈಸರ್ ಕೇಳಿದರು. ಗೆಳೆಯ ಕೌಂಟರಿನ ಮೇಲಿದ್ದ ಇಂಡಕ್ಷನ್ ಒಲೆ ತೋರಿಸಿದ. ಅವರು ಅದನ್ನೊಮ್ಮೆ ನೋಡಿ, ಅದರ ಹಿಂದಿನ ಗೋಡೆಯನ್ನು ನೋಡಿದರು. ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡಿದರು. ಗ್ಯಾಸ್ ಲೈನ್ ಇರಲಿಲ್ಲ. ದೊಡ್ಡ ಸ್ಟೌವಿಗೆ ಬೇಕಾದ 240 ವೋಲ್ಟಿನ ಪಾಯಿಂಟೂ ಇರಲಿಲ್ಲ. ಲೇಸರ್ ಹಿಡಿದು ರೂಮಿನ ಅಳತೆ ತೆಗೆದುಕೊಂಡು, ನಾಲ್ಕು ಫೋಟೋ ಹೊಡೆದು ಹೊರಗೆ ಬಂದರು. ಹತ್ತು ನಿಮಿಷವೂ ಆಗಿರಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಗೆಳೆಯನ ಮನೆ. ಹಳೆಯ ಬಡಾವಣೆ. ಗ್ಯಾರೇಜು ಮನೆಗೆ ಅಂಟಿಕೊಂಡಿಲ್ಲ, ಹಿಂದೆ ಹಿತ್ತಲಲ್ಲಿದೆ. ಮೈಸೂರಿನಿಂದ ಅಮ್ಮ ಬಂದಾಗ ಇರಲಿ ಎಂದು ಆ ಗ್ಯಾರೇಜನ್ನೇ ರೂಮು ಮಾಡಿಸಿದ್ದ. 20 ಅಡಿಗೆ 20 ಅಡಿ, ಒಟ್ಟು 400 ಚದರ ಅಡಿ. ನಮ್ಮೂರ ಲೆಕ್ಕದಲ್ಲಿ ನಾಲ್ಕು ಚದರ. ಬಾತ್‌ರೂಮು, ಸಿಂಕು, ಕಪಾಟು, ಬೆಚ್ಚಗಿರಲು ಹೀಟರು ಎಲ್ಲ ಇದೆ. ಮೂಲೆಯಲ್ಲಿ ದೇವರ ಗೂಡು. ಕೌಂಟರಿನ ಮೇಲೆ ಅಮ್ಮನ ಸ್ಟೀಲ್ ಕಾಫಿ ಫಿಲ್ಟರ್.

ಮನೆ 1,600 ಚದರ ಅಡಿ, ರೂಮು 400, ಒಟ್ಟು 2,000 ಎಂದು ಅವನು ಮನಸ್ಸಿನಲ್ಲೇ ಕೂಡಿಕೊಂಡಿದ್ದ. ಸಾಲವನ್ನು ರೀಫೈನಾನ್ಸ್ ಮಾಡಿಸಲು, ಅಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸಲು ಅರ್ಜಿ ಹಾಕಿದ್ದ. ವಾರದ ಮೇಲೆ ವರದಿ ಬಂತು. ವಾಸದ ಜಾಗ 1,600 ಚದರ ಅಡಿ ಎಂದಿತ್ತು. "ಅಮ್ಮ ಮಲಗೋ ರೂಮು ಇವರ ಕಣ್ಣಿಗೆ ಕಾಣಲೇ ಇಲ್ವಾ?" ಎಂದು ನನಗೆ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು.

ಕಂಡಿತ್ತು. ಬೇರೆ ಸಾಲಿನಲ್ಲಿ ಬರೆದಿದ್ದರು, ಅಷ್ಟೆ. ಆದರೆ ಯಾವ ಸಾಲಿನಲ್ಲಿ ಬರೆಯುತ್ತಾರೆ ಎನ್ನುವುದರ ಮೇಲೆಯೇ ಬೆಲೆ, ಸಾಲ ಎರಡೂ ನಿಂತಿರುತ್ತವೆ. ಅಮೆರಿಕದಲ್ಲಿ ಮನೆ ಕೊಂಡ, ಕೊಳ್ಳಲು ಹೊರಟ ನಮ್ಮವರು ತುಂಬಾ ಜನ. ಅಪ್ಪ ಅಮ್ಮನಿಗೆ ಹಿತ್ತಲಲ್ಲಿ ಒಂದು ರೂಮು ಕಟ್ಟಿಸಬೇಕು ಅನ್ನುವ ಆಸೆಯೂ ಅಷ್ಟೇ ಸಾಮಾನ್ಯ. ಕಟ್ಟಿಸುವ ಮೊದಲೇ ಈ ಸಾಲುಗಳ ವಿಚಾರ ಗೊತ್ತಿದ್ದರೆ ಎಷ್ಟೋ ದುಡ್ಡು, ಎಷ್ಟೋ ಬೇಜಾರು ಉಳಿಯುತ್ತದೆ.

ಮೊದಲು ಒಂದು ಪದದ ವಿಚಾರ. ನಮ್ಮಲ್ಲಿ ಮನೆ ಹಿಂದಿನ ಚಿಕ್ಕ ಮನೆಗೆ ಔಟ್‌ಹೌಸ್ ಅನ್ನುತ್ತೇವೆ. ಅಮೆರಿಕದಲ್ಲಿ ಆ ಪದಕ್ಕೆ ಹಳೇ ಕಾಲದ ಹೊರಗಿನ ಕಕ್ಕಸು ಎಂದು ಅರ್ಥ. ಅಲ್ಲಿ ಮನೆಯಿಂದ ಬೇರೆಯಾಗಿ ನಿಂತ ಶೆಡ್ಡು, ಕೊಟ್ಟಿಗೆ, ವರ್ಕ್‌ಶಾಪ್ ಎಲ್ಲಕ್ಕೂ ಒಟ್ಟಾಗಿ ಬಳಸುವ ಪದ ಔಟ್‌ಬಿಲ್ಡಿಂಗ್.

ಅಪ್ರೈಸರನ್ನು ಕಳಿಸುವುದು ಸಾಲ ಕೊಡುವ ಸಂಸ್ಥೆ. ಫೀಸು ನಾವು ಕೊಟ್ಟರೂ ಅವರು ಕೆಲಸ ಮಾಡುವುದು ಆ ಸಂಸ್ಥೆಗೆ. 1980ರ ದಶಕದಲ್ಲಿ ಅಲ್ಲಿನ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು. ಮನಸ್ಸಿಗೆ ಬಂದಂತೆ ಬೆಲೆ ಕಟ್ಟಿದ್ದೂ ಅದಕ್ಕೆ ಒಂದು ಕಾರಣ. ಹಾಗಾಗಿ 1989ರ ಕಾನೂನು ಅಪ್ರೈಸರ್‌ಗಳಿಗೆ ರಾಜ್ಯಗಳೇ ಲೈಸೆನ್ಸ್ ಕೊಡುವ ವ್ಯವಸ್ಥೆ ತಂದಿತು. ಗೃಹಸಾಲಗಳಲ್ಲಿ ದೊಡ್ಡ ಪಾಲನ್ನು ಕೊನೆಗೆ ಕೊಳ್ಳುವುದು ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಎರಡು ಸಂಸ್ಥೆಗಳು. ಒಂದು 1938ರಲ್ಲಿ ಹುಟ್ಟಿದ್ದು, ಇನ್ನೊಂದು 1970ರಲ್ಲಿ. ಇವೆರಡೂ ಹೇಳಿದಂತೆ ವರದಿ ಬರೆಯದಿದ್ದರೆ ಸಾಲ ಮಾರಾಟ ಆಗುವುದಿಲ್ಲ. ಆದ್ದರಿಂದ ಹಿತ್ತಲಿನ ರೂಮು ಯಾವ ಸಾಲಿಗೆ ಎನ್ನುವುದನ್ನು ಹೆಚ್ಚುಕಡಿಮೆ ಇವರ ನಿಯಮಗಳೇ ತೀರ್ಮಾನ ಮಾಡುತ್ತವೆ.

ಅಳತೆಯ ನಿಯಮಕ್ಕೆ ಆನ್ಸಿ ಝಡ್765 ಎಂದು ಹೆಸರು. 1996ರಲ್ಲಿ ಮೊದಲು ಬಂತು. 2021ರ ಆವೃತ್ತಿಯನ್ನು ಫ್ಯಾನಿ ಮೇ 2022ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಊರಿಗೊಂದು ಪದ್ಧತಿ ಇತ್ತು. ಒಬ್ಬರು ಹೊರಗಿನ ರೂಮನ್ನು ಮನೆಗೆ ಕೂಡಿಸುತ್ತಿದ್ದರು, ಇನ್ನೊಬ್ಬರು ಬಿಡುತ್ತಿದ್ದರು. ಈಗ ವಾಸದ ಜಾಗ ಎಂದು ಲೆಕ್ಕಕ್ಕೆ ಬರಬೇಕಾದರೆ ಆ ಜಾಗ ಪೂರ್ತಿ ಫಿನಿಶ್ ಆಗಿರಬೇಕು. ಸೂರು ಕನಿಷ್ಠ 7 ಅಡಿ ಎತ್ತರ ಇರಬೇಕು. ಇಳಿಜಾರು ಸೂರಾದರೆ ಆ ರೂಮಿನ ಅರ್ಧದಷ್ಟಾದರೂ ಜಾಗದಲ್ಲಿ 7 ಅಡಿ ಎತ್ತರ ಸಿಗಬೇಕು, 5 ಅಡಿಗಿಂತ ತಗ್ಗಿದ ಜಾಗ ಲೆಕ್ಕಕ್ಕಿಲ್ಲ. ಗ್ಯಾರೇಜು ಎಷ್ಟೇ ಚೆನ್ನಾಗಿದ್ದರೂ ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಜಾಗಕ್ಕೆ ಮನೆಯೊಳಗಿಂದಲೇ, ಫಿನಿಶ್ ಆದ ಪ್ಯಾಸೇಜು ಅಥವಾ ಮೆಟ್ಟಿಲ ಮೂಲಕ ಹೋಗುವಂತಿರಬೇಕು.

ಗೆಳೆಯನ ರೂಮು ಸೋತದ್ದು ಇಲ್ಲೇ. ಅಡುಗೆಮನೆಯ ಹಿಂಬಾಗಿಲಿನಿಂದ ರೂಮಿಗೆ ಆರು ಹೆಜ್ಜೆ. ಮಳೆಗಾಲಕ್ಕೆ ಅಮ್ಮ ನೆನೆಯಬಾರದು ಎಂದು ಮೇಲೆ ಶೀಟು ಹೊದಿಸಿದ್ದ. ಕೆಳಗೆ ಕಲ್ಲು ಹಾಸಿದ್ದ. ಆದರೆ ಎರಡು ಪಕ್ಕದಲ್ಲೂ ಗೋಡೆ ಇಲ್ಲ. ಅಲ್ಲಿ ನಿಂತರೆ ಗಾಳಿ ಬೀಸುತ್ತದೆ, ಪಕ್ಕದ ಮನೆಯ ನಿಂಬೆಗಿಡ ಕಾಣುತ್ತದೆ. ಇಂಥದ್ದಕ್ಕೆ ಬ್ರೀಜ್‌ವೇ ಅನ್ನುತ್ತಾರೆ. ಮೇಲೆ ಸೂರು ಇದ್ದ ಮಾತ್ರಕ್ಕೆ ಎರಡು ಕಟ್ಟಡ ಒಂದಾಗುವುದಿಲ್ಲ. ಅದೇ ಆರು ಹೆಜ್ಜೆಗೆ ಗೋಡೆ, ನೆಲ, ಹೀಟಿಂಗ್ ಎಲ್ಲ ಪರ್ಮಿಟ್ ತೆಗೆದುಕೊಂಡು ಮಾಡಿಸಿದ್ದರೆ ರೂಮು ಮನೆಯ ಭಾಗ ಆಗುವ ದಾರಿ ಇತ್ತು.

ಕೇಳಿದಾಗ ಅನ್ಯಾಯ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಕೊಳ್ಳುವವರ ಜಾಗದಲ್ಲಿ ನಿಂತು ನೋಡಿ. ಮೂರು ಬೆಡ್‌ರೂಮು ಬೇಕಾದ ಸಂಸಾರ ಬರುತ್ತದೆ, ಜೊತೆಗೆ ಸಣ್ಣ ಮಕ್ಕಳಿದ್ದಾರೆ. ರಾತ್ರಿ ಮಗು ಅತ್ತರೆ ಹಿತ್ತಲು ದಾಟಿ ಹೋಗಬೇಕಾದ ರೂಮು ಅವರಿಗೆ ಮೂರನೇ ಬೆಡ್‌ರೂಮು ಅಲ್ಲ. ಅದು ಆಫೀಸು ರೂಮು ಆಗಬಹುದು, ಅತಿಥಿಗಳಿಗೆ ಆಗಬಹುದು. ಉಪಯೋಗ ಖಂಡಿತ ಇದೆ, ಆದರೆ ಅದು ಬೇರೆ ಉಪಯೋಗ. 1,600 ಚದರ ಅಡಿಯ ಮನೆ ಮತ್ತು 400ರ ಹಿತ್ತಲ ರೂಮನ್ನು, ಒಂದೇ ಸೂರಿನ ಕೆಳಗಿನ 2,000 ಚದರ ಅಡಿಯ ಮನೆಯ ಪಕ್ಕ ಇಟ್ಟು ಹೋಲಿಸಿದರೆ ಹೋಲಿಕೆಯೇ ತಪ್ಪುತ್ತದೆ. ಅಪ್ರೈಸಲ್ ಅನ್ನುವುದು ಪೂರ್ತಿ ಹೋಲಿಕೆಯ ಕೆಲಸ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ, ನಮ್ಮ ಮನೆಯನ್ನು ಹೋಲುವ ಮನೆಗಳನ್ನು ಆರಿಸುತ್ತಾರೆ. ಅವಕ್ಕೆ ಅಲ್ಲಿ ಕಾಂಪ್ ಎನ್ನುತ್ತಾರೆ. ಕಾಂಪ್‌ನಲ್ಲಿ ಇರುವುದು ನಮ್ಮಲ್ಲಿ ಇಲ್ಲದಿದ್ದರೆ ಅದರ ಬೆಲೆಯಿಂದ ಕಳೆಯುತ್ತಾರೆ. ನಮ್ಮಲ್ಲಿ ಇರುವುದು ಅಲ್ಲಿ ಇಲ್ಲದಿದ್ದರೆ ಕೂಡಿಸುತ್ತಾರೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಇವು ನಾನು ಉದಾಹರಣೆಗೆ ಹಿಡಿದ ಅಂಕಿ, ಯಾವ ಊರಿನ ದರವೂ ಅಲ್ಲ. ಆ ಬಡಾವಣೆಯಲ್ಲಿ ಮನೆಯೊಳಗಿನ ಜಾಗದ ವ್ಯತ್ಯಾಸಕ್ಕೆ ಚದರ ಅಡಿಗೆ 200 ಡಾಲರ್ ಹೊಂದಿಸುತ್ತಾರೆ ಎಂದುಕೊಳ್ಳಿ. 400 ಚದರ ಅಡಿ ಮನೆಯೊಳಗೆ ಸೇರಿದರೆ 80,000 ಡಾಲರ್. ಹೊರಗಿನ ರೂಮು ಎಂದು ಬೇರೆ ಸಾಲಿಗೆ ಹೋದರೆ, ಅಂಥ ರೂಮಿಗೆ ಜನ ಅಲ್ಲಿ ಜಾಸ್ತಿ ಕೊಡುವುದು 45,000 ಎಂದು ಮಾರಾಟಗಳು ತೋರಿಸಿದರೆ ಅಷ್ಟೇ. ಗೋಡೆ ಅದೇ, ಹಂಚು ಅದೇ, ಖರ್ಚಾದ ದುಡ್ಡೂ ಅದೇ. ಸಾಲು ಬದಲಾದದ್ದಕ್ಕೆ 35,000 ಡಾಲರ್ ವ್ಯತ್ಯಾಸ.

ನಮ್ಮವರಿಗೆ ಇದು ಇನ್ನಷ್ಟು ಗೋಜಲು ಅನ್ನಿಸಲು ಕಾರಣ ಇದೆ. ನಮ್ಮೂರಲ್ಲಿ ಬ್ಯಾಂಕಿನ ವ್ಯಾಲ್ಯೂಯರ್ ಸಾಮಾನ್ಯವಾಗಿ ಸೈಟಿಗೆ ಬೇರೆ, ಕಟ್ಟಡಕ್ಕೆ ಬೇರೆ ಬೆಲೆ ಹಾಕುತ್ತಾರೆ. ಕಟ್ಟಡಕ್ಕೆ ಚದರಕ್ಕೆ ಇಷ್ಟು ಎಂದು ಹಿಡಿದು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಹಾಗಾಗಿ ಕಟ್ಟಿದ್ದಕ್ಕೆಲ್ಲ ಒಂದಿಷ್ಟು ಬೆಲೆ ಬಂದೇ ಬರುತ್ತದೆ ಅನ್ನುವ ನಂಬಿಕೆ ನಮಗೆ ರೂಢಿಯಾಗಿದೆ. ಅಮೆರಿಕದಲ್ಲಿ ಈಗಾಗಲೇ ಕಟ್ಟಿರುವ ಮನೆಗಳಿಗೆ ಮುಖ್ಯವಾಗಿ ನೋಡುವುದು ಮಾರಾಟದ ಹೋಲಿಕೆ. ಎಷ್ಟು ಖರ್ಚು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಕೊಳ್ಳುವವರು ಅದಕ್ಕೆ ಎಷ್ಟು ಜಾಸ್ತಿ ಕೊಡುತ್ತಾರೆ ಎನ್ನುವುದೇ ಪ್ರಶ್ನೆ.

ಈಗ ಸ್ಟೌವಿನ ವಿಚಾರಕ್ಕೆ ಬರೋಣ. ಹೊರಗಿನ ರೂಮು ಮನೆಯ ಭಾಗ ಆಗದಿದ್ದರೂ, ಅದೇ ಒಂದು ಪುಟ್ಟ ಮನೆ ಆಗಬಹುದು. ಅದಕ್ಕೆ ಎಡಿಯು ಎನ್ನುತ್ತಾರೆ. ದೊಡ್ಡ ಮನೆಗೆ ಸೇರಿದ, ಆದರೆ ತನ್ನ ಪಾಡಿಗೆ ತಾನು ಬದುಕಬಹುದಾದ ಚಿಕ್ಕ ಮನೆ. ಫ್ಯಾನಿ ಮೇ ಹೇಳುವಂತೆ ಅದು ಮುಖ್ಯ ಮನೆಗಿಂತ ಚಿಕ್ಕದಾಗಿರಬೇಕು. ಅದಕ್ಕೆ ತನ್ನದೇ ಬಾಗಿಲು, ಮಲಗುವ ಜಾಗ, ಸ್ನಾನದ ಮನೆ, ಅಡುಗೆಮನೆ ಇರಬೇಕು. ಅಡುಗೆಮನೆ ಅಂದರೆ ಏನು ಅನ್ನುವುದನ್ನೂ ಬಿಡಿಸಿ ಹೇಳಿದ್ದಾರೆ. ಕಪಾಟು, ಕೌಂಟರು, ನೀರು ಬರುವ ಸಿಂಕು, ಜೊತೆಗೆ ಸ್ಟೌವ್ ಅಥವಾ ಸ್ಟೌವಿಗೆ ಬೇಕಾದ ಕನೆಕ್ಷನ್. ಹಾಟ್‌ಪ್ಲೇಟು, ಮೈಕ್ರೋವೇವು, ಟೋಸ್ಟರ್ ಅವನ್ ಯಾವುದೂ ಸ್ಟೌವಿಗೆ ಬದಲಿ ಆಗುವುದಿಲ್ಲ.

ಅಪ್ರೈಸರ್ ಆ ದಿನ ಗೋಡೆಯ ಮೇಲೆ ಹುಡುಕಿದ್ದು ಇದನ್ನೇ. ಅಮ್ಮ ಎರಡು ವರ್ಷದಿಂದ ಆ ಇಂಡಕ್ಷನ್ ಒಲೆಯ ಮೇಲೆ ಸಾರು, ಪಲ್ಯ, ಹಬ್ಬ ಬಂದರೆ ಹೋಳಿಗೆ ಎಲ್ಲ ಮಾಡಿದ್ದಾರೆ. ಮನೆಮಂದಿಯೆಲ್ಲ ಊಟ ಮಾಡಿದ್ದಾರೆ. ನಿಯಮದ ಕಣ್ಣಿಗೆ ಅದು ಅಡುಗೆಮನೆ ಅಲ್ಲ. ಇದರ ಇನ್ನೊಂದು ಮುಖವನ್ನೂ ನೋಡಿ. ಸರಿಯಾಗಿ ಕಟ್ಟಿದ ಎಡಿಯುವಿನಿಂದ ಯಾರಾದರೂ ಸ್ಟೌವನ್ನು ಕಿತ್ತು ಹೊರಗಿಟ್ಟರೆ ಅದು ಎಡಿಯು ಅಲ್ಲ ಎಂದಾಗುವುದಿಲ್ಲ. ಇದನ್ನೂ ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಅವರು ನೋಡುವುದು ಒಲೆಯನ್ನಲ್ಲ, ಕಟ್ಟಡದಲ್ಲಿ ಅಡುಗೆಗೆ ಶಾಶ್ವತ ವ್ಯವಸ್ಥೆ ಇದೆಯಾ ಎನ್ನುವುದನ್ನು. ಹಾಗೆ ನೋಡಿದರೆ ನಿಯಮಕ್ಕೆ ಒಂದು ಅರ್ಥ ಇದೆ. ಹಾಟ್‌ಪ್ಲೇಟನ್ನು ನಾಳೆ ಯಾರಾದರೂ ಚೀಲದಲ್ಲಿ ಹಾಕಿಕೊಂಡು ಹೋಗಬಹುದು, ಅಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಮನೆಯೊಳಗೆ ಎರಡನೇ ಅಡುಗೆಮನೆ ಇದ್ದರೆ ಅದೇ ಎಡಿಯು ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಒಗ್ಗರಣೆ ಘಾಟು ಬೇಡ ಎಂದು ಹಿಂದೆ ಇನ್ನೊಂದು ಅಡುಗೆಮನೆ ಮಾಡಿಸುವವರು ನಮ್ಮಲ್ಲಿ ಇದ್ದಾರಲ್ಲ, ಅಂಥದ್ದು. ಬರೀ ಅಡುಗೆಮನೆ ಇದ್ದರೆ ಅದು ಎಡಿಯು ಆಗುವುದಿಲ್ಲ.

ಹೆಸರಿನಲ್ಲಿ ಏನಿದೆ ಎನ್ನಬಹುದು. ಬೇಕಾದಷ್ಟಿದೆ. 2023ರ ಅಕ್ಟೋಬರ್‌ನಲ್ಲಿ ಎಫ್‌ಎಚ್‌ಎ ಎಂಬ ಸರ್ಕಾರಿ ಗೃಹಸಾಲ ಸಂಸ್ಥೆ ತನ್ನ ಗ್ಯಾರಂಟಿ ಇರುವ ಸಾಲಗಳಿಗೆ ನಿಯಮ ಬದಲಿಸಿತು. ಈಗಾಗಲೇ ಇರುವ ಎಡಿಯುವಿನಿಂದ ಬರಬಹುದಾದ ಬಾಡಿಗೆಯಲ್ಲಿ ಶೇ. 75ರಷ್ಟನ್ನು, ರಿಪೇರಿ ಸಾಲದಲ್ಲಿ ಹೊಸದಾಗಿ ಕಟ್ಟಲಿರುವ ಎಡಿಯುವಾದರೆ ಶೇ. 50ರಷ್ಟನ್ನು ಸಾಲಗಾರರ ಆದಾಯಕ್ಕೆ ಸೇರಿಸಬಹುದು. ಮೊದಲ ಮನೆ ಕೊಳ್ಳುವ ಸಂಸಾರಕ್ಕೆ ಇದು ದೊಡ್ಡ ಆಸರೆ. ಸ್ಯಾನ್ ಹೊಸೆಯಂತೂ ಇನ್ನೂ ಮುಂದೆ ಹೋಗಿದೆ. ರಾಜ್ಯದ 2023ರ ಕಾನೂನಿನ ಪ್ರಕಾರ ಊರುಗಳು ಒಪ್ಪಿದರೆ ಎಡಿಯುವನ್ನು ಕಾಂಡೋ, ಅಂದರೆ ಅಪಾರ್ಟ್‌ಮೆಂಟಿನ ಫ್ಲಾಟಿನ ಥರ ಬೇರೆಯಾಗಿಯೇ ಮಾರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೊದಲು ಒಪ್ಪಿದ ಊರು ಸ್ಯಾನ್ ಹೊಸೆ, 2024ರಲ್ಲಿ. ಸ್ಟೌವಿನ ಕನೆಕ್ಷನ್ ಇಲ್ಲದ ರೂಮಿಗೆ ಈ ಯಾವ ಬಾಗಿಲೂ ತೆರೆಯುವುದಿಲ್ಲ.

ಗ್ಯಾರೇಜನ್ನು ರೂಮು ಮಾಡಿಸುವವರು ಇನ್ನೊಂದು ಕಡೆಯೂ ಕಣ್ಣಿಡಬೇಕು. ಗ್ಯಾರೇಜು ಎಡಿಯು ಆದರೆ ಬದಲಿ ಪಾರ್ಕಿಂಗ್ ಕೊಡಿ ಎಂದು ನಗರಾಡಳಿತದವರು ಕೇಳುವಂತಿಲ್ಲ, ಕ್ಯಾಲಿಫೋರ್ನಿಯಾ ಕಾನೂನು ಹಾಗಿದೆ. ಆದರೆ ಮಾರುಕಟ್ಟೆ ಕೇಳುತ್ತದೆ. ವರದಿಯಲ್ಲಿ ಗ್ಯಾರೇಜಿಗೆ ಒಂದು ಸಾಲಿದೆ. ಕಾಂಪ್‌ಗಳಿಗೆಲ್ಲ ಎರಡು ಕಾರಿನ ಗ್ಯಾರೇಜು, ನಮ್ಮದಕ್ಕೆ ಸೊನ್ನೆ ಎಂದಾದರೆ ಅಲ್ಲಿ ಕಳೆಯುತ್ತಾರೆ. ಒಂದು ಸಾಲಿನಲ್ಲಿ ಗಳಿಸಿದ್ದರಲ್ಲಿ ಸ್ವಲ್ಪ ಇನ್ನೊಂದು ಸಾಲಿನಲ್ಲಿ ಹೋಗುತ್ತದೆ. ಗೆಳೆಯನ ವರದಿಯಲ್ಲಿ ಆದದ್ದೂ ಅದೇ.

ಮನೆಯೂ ಅಲ್ಲದ, ಎಡಿಯುವೂ ಅಲ್ಲದ ಕಟ್ಟಡಗಳು ಉಳಿದವು. ಶೆಡ್ಡು, ವರ್ಕ್‌ಶಾಪು, ಕುದುರೆ ಲಾಯ, ಕಣಜ. ಇವುಗಳ ಬಗ್ಗೆ ಫ್ಯಾನಿ ಮೇ ನಿಯಮ ಚೆನ್ನಾಗಿ ಯೋಚಿಸಿ ಬರೆದದ್ದು ಎಂದೇ ನನ್ನ ಅನಿಸಿಕೆ. ಚಿಕ್ಕ ಕೊಟ್ಟಿಗೆ, ಲಾಯದಂಥವು ಒಟ್ಟು ಬೆಲೆಯ ಮುಂದೆ ತೀರಾ ಸಣ್ಣವಾದರೆ ಸಾಲಕ್ಕೆ ಅಡ್ಡಿ ಇಲ್ಲ. ಆದರೆ ಆ ಕಡೆಯ ಮನೆಗಳಲ್ಲಿ ಅಂಥವು ಸಾಮಾನ್ಯ ಎಂದು ಕಾಂಪ್‌ಗಳ ಮೂಲಕ ತೋರಿಸಬೇಕು. ಆ ಊರಿಗೆ ಒಗ್ಗದ ಕಟ್ಟಡವಾದರೆ ಅದಕ್ಕೆ ಬೆಲೆ ಇಲ್ಲ, ಇಲ್ಲವೇ ತುಂಬಾ ಕಡಿಮೆ ಎಂದು ವರದಿಯಲ್ಲಿ ಕಾಣಬೇಕು.

ಇದನ್ನು ಎರಡು ಊರಿನಲ್ಲಿಟ್ಟು ನೋಡಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಾರ್ಕೋ ಎನ್ನುವ ಊರಿದೆ. ಕುದುರೆಗಳ ಊರು ಎಂದೇ ಹೆಸರು. ಅಲ್ಲಿ ರಸ್ತೆ ಪಕ್ಕ ಜನರು ನಡೆಯುವ ಕಾಲುದಾರಿಯ ಬದಲು ಕುದುರೆ ನಡೆಯುವ ದಾರಿ ಇರುತ್ತದೆ. ಅಲ್ಲಿ ಹಿತ್ತಲಲ್ಲಿ ಲಾಯ ಇದ್ದರೆ ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಅದೇ ಲಾಯವನ್ನು ಎತ್ತಿ ಐಟಿ ಕಂಪನಿಗಳ ಊರಾದ ಕ್ಯುಪರ್ಟಿನೋದ ಒಂದು ಹಿತ್ತಲಲ್ಲಿಟ್ಟರೆ? ಕೊಳ್ಳುವವರು ಅದನ್ನು ಕೆಡವಲು ಎಷ್ಟು ಖರ್ಚು ಎಂದು ಕೇಳುತ್ತಾರೆ. ಮರ ಅದೇ, ಮೊಳೆ ಅದೇ. ಬೆಲೆ ಇರುವುದು ಕಟ್ಟಡದಲ್ಲಿ ಮಾತ್ರ ಅಲ್ಲ, ಅದು ನಿಂತ ಊರಿನಲ್ಲೂ ಇದೆ.

ದೊಡ್ಡ ಕಣಜ, ಸೈಲೋ, ದನಕರು ಸಾಕುವ ದೊಡ್ಡ ಕೊಟ್ಟಿಗೆ ಇದ್ದರೆ ಪ್ರಶ್ನೆಯೇ ಬೇರೆ. ಇದು ವಾಸದ ಮನೆಯಾ, ಹೊಲಮನೆಯಾ ಎಂದು ಸಾಲ ಕೊಡುವವರೇ ತೀರ್ಮಾನಿಸಬೇಕು. ಅಪ್ರೈಸರ್ ಆ ಕಟ್ಟಡಗಳಿಗೆ ಬೆಲೆ ಕಟ್ಟಿರಲಿ, ಬಿಟ್ಟಿರಲಿ, ಆ ಪ್ರಶ್ನೆ ತಪ್ಪುವುದಿಲ್ಲ. ಟೆಕ್ಸಸ್ ಕಡೆ ಊರ ಹೊರಗೆ ನಾಲ್ಕೈದು ಎಕರೆ ತೆಗೆದುಕೊಂಡು ಎರಡು ಹಸು ಸಾಕೋಣ ಎಂಬ ಆಸೆ ಇರುವವರು ಮೊದಲೇ ಸಾಲದವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹೊರಗಿನ ಕಟ್ಟಡಕ್ಕೆ ಜನ ಎಷ್ಟು ಜಾಸ್ತಿ ಕೊಡುತ್ತಾರೆ ಎಂದು ಗೊತ್ತು ಮಾಡುವುದು ಹೇಗೆ? ಒಂದೇ ಬೀದಿಯಲ್ಲಿ, ಹೆಚ್ಚುಕಡಿಮೆ ಒಂದೇ ಥರದ ಎರಡು ಮನೆ ಮಾರಾಟವಾಗಿವೆ ಅಂದುಕೊಳ್ಳಿ. ಒಂದರ ಹಿಂದೆ ವರ್ಕ್‌ಶಾಪ್ ಇದೆ, ಇನ್ನೊಂದರಲ್ಲಿ ಇಲ್ಲ. ಬೆಲೆಯ ವ್ಯತ್ಯಾಸವೇ ವರ್ಕ್‌ಶಾಪಿಗೆ ಸಿಕ್ಕ ಬೆಲೆ. ಕೇಳಲು ಸುಲಭ. ನಿಜದಲ್ಲಿ ಅಂಥ ಜೋಡಿ ಸಿಗುವುದು ಅಪರೂಪ. ಒಂದರ ಅಡುಗೆಮನೆ ಹೊಸದಾಗಿರುತ್ತದೆ, ಇನ್ನೊಂದು ಚೆನ್ನಾದ ಶಾಲೆಯ ಗಡಿಯೊಳಗೆ ಇರುತ್ತದೆ.

ನನ್ನ ನಿಜವಾದ ದೂರು ಇರುವುದು ಇಲ್ಲಿ. ಹೊರಗಿನ ರೂಮನ್ನು ಬೇರೆ ಸಾಲಿನಲ್ಲಿ ಬರೆಯುವುದು ಸರಿ. ಆದರೆ ಆ ಸಾಲಿನಲ್ಲಿ ಎಷ್ಟು ಎಂದು ಬರೆಯಲು ಆಧಾರ ಸಿಗದಿದ್ದಾಗ, ಎಷ್ಟೋ ವರದಿಗಳು ತೀರಾ ಸಣ್ಣ ಅಂಕಿ ಹಾಕಿ ಕೈ ತೊಳೆದುಕೊಳ್ಳುತ್ತವೆ. ಆಧಾರ ಯಾಕೆ ಸಿಗುವುದಿಲ್ಲ? ಅಂಥ ಮನೆಗಳನ್ನು ಜನ ಮಾರುವುದು ಕಡಿಮೆ. ಅಪ್ಪ ಅಮ್ಮನಿಗೆ ಎಂದು ಕಟ್ಟಿಸಿದವರು ಅಷ್ಟು ಬೇಗ ಮನೆ ಬಿಟ್ಟು ಹೋಗುವುದಿಲ್ಲ. ಮಾರಾಟ ಇಲ್ಲ ಅಂದರೆ ಕಾಂಪ್ ಇಲ್ಲ. ಕಾಂಪ್ ಇಲ್ಲ ಅಂದರೆ ಬೆಲೆ ಇಲ್ಲ. ಬೆಲೆ ಕಾಣದಿದ್ದರೆ ಸಾಲ ಸಿಗುವುದಿಲ್ಲ, ಇನ್ನೊಬ್ಬರು ಕಟ್ಟುವುದಿಲ್ಲ. ಹಾಗಂತ ಆಧಾರವೇ ಇಲ್ಲ ಎಂದಲ್ಲ. ಸ್ವಲ್ಪ ಹಳೆಯ ಮಾರಾಟ, ಪಕ್ಕದ ಬಡಾವಣೆಯ ಮಾರಾಟ, ಅಂಥ ರೂಮಿಗೆ ಬರುವ ಬಾಡಿಗೆ, ಸವಕಳಿ ಕಳೆದ ಕಟ್ಟುವ ಖರ್ಚು, ಇವನ್ನೆಲ್ಲ ನೋಡಿ ಒಂದು ಅಂದಾಜಿಗೆ ಬರಬಹುದು. ಅದಕ್ಕೆ ಸಮಯ ಬೇಕು. ಗಡಿಬಿಡಿಯಲ್ಲಿ ಮುಗಿಸಿದ ವರದಿಯ ಹೊರೆ ಬೀಳುವುದು ಸಂಸಾರದ ಮೇಲೆ.

ವರದಿಯ ಫಾರ್ಮೂ ಇದಕ್ಕೆ ಒಂದು ಕಾರಣ. ಬಹಳ ವರ್ಷ ಬಳಕೆಯಲ್ಲಿರುವ 1004 ಎನ್ನುವ ಫಾರ್ಮು 2005ರದು. ಅದರ ಹೋಲಿಕೆ ಪಟ್ಟಿಯಲ್ಲಿ ವಾಸದ ಜಾಗಕ್ಕೆ, ಬೇಸ್‌ಮೆಂಟಿಗೆ, ಗ್ಯಾರೇಜಿಗೆ, ಜಗಲಿಗೆ ಎಲ್ಲ ಒಂದೊಂದು ಸಾಲಿದೆ. ಔಟ್‌ಬಿಲ್ಡಿಂಗಿಗೆ ಸಾಲೇ ಇಲ್ಲ. ಕೊನೆಯಲ್ಲಿ ಮೂರು ಖಾಲಿ ಸಾಲು ಬಿಟ್ಟಿದ್ದಾರೆ. ಅಲ್ಲೇ ಬೆಂಕಿಗೂಡು, ಈಜುಕೊಳ, ಹಿತ್ತಲಿನ ಕಟ್ಟಡ ಎಲ್ಲ ತುರುಕಬೇಕು. ಗೆಳೆಯನ ವರದಿಯಲ್ಲಿ ಅಮ್ಮನ ರೂಮು ಇದ್ದದ್ದು ಆ ಮೂರರಲ್ಲಿ ಎರಡನೆಯ ಸಾಲಿನಲ್ಲಿ, ಎರಡೇ ಪದದಲ್ಲಿ.

ಈಗ ಆ ಫಾರ್ಮು ಹೋಗುತ್ತಿದೆ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸೇರಿ ವರದಿ ಬರೆಯಲು ಯುಎಡಿ 3.6 ಎನ್ನುವ ಹೊಸ ಪದ್ಧತಿ ತಂದಿವೆ. 2025ರ ಸೆಪ್ಟೆಂಬರ್‌ನಲ್ಲಿ ಕೆಲವರೊಂದಿಗೆ ಶುರುವಾಯಿತು. 2026ರ ಜನವರಿಯಿಂದ ಎಲ್ಲರೂ ಬಳಸಬಹುದು ಎಂದಾಯಿತು. 2026ರ ನವೆಂಬರ್ 2 ಕಡ್ಡಾಯ ಆಗುವ ದಿನ ಎಂದು ಗೊತ್ತುಪಡಿಸಿದ್ದಾರೆ. ಬೇರೆ ಬೇರೆ ಫಾರ್ಮುಗಳ ಬದಲು ಒಂದೇ ವರದಿ. ಮನೆಗೆ ತಕ್ಕಂತೆ ಅದರ ಭಾಗಗಳು ಬೆಳೆಯುತ್ತವೆ, ಕುಗ್ಗುತ್ತವೆ. ಅದರಲ್ಲಿ ಔಟ್‌ಬಿಲ್ಡಿಂಗಿಗೆ ತನ್ನದೇ ವಿಭಾಗ ಇದೆ. ವಾಹನ ನಿಲ್ಲಿಸುವ ಜಾಗಕ್ಕೆ ಬೇರೆ ವಿಭಾಗ. ಎಡಿಯು ಇದ್ದರೆ ಅದರ ಒಳಗಿನ ವಿವರ ಬೇರೆಯೇ ಬರುತ್ತದೆ. ನನಗೆ ಇದರಿಂದ ತುಂಬಾ ಆಸೆ ಇದೆ. ಮೊದಲು ಎರಡು ಪದದಲ್ಲಿ ಮುಗಿಯುತ್ತಿದ್ದ ಕಟ್ಟಡದ ವಿವರ ಇನ್ನು ಎಲ್ಲರ ವರದಿಯಲ್ಲೂ ಒಂದೇ ರೀತಿ ಸಂಗ್ರಹ ಆಗುತ್ತದೆ. ವರ್ಷಗಳು ಕಳೆದಂತೆ ಕಾಂಪ್ ಹುಡುಕುವುದು ಸುಲಭ ಆಗಬೇಕು. ಆದರೆ ವಿಭಾಗ ಇದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಅಲ್ಲಿ ಬರೆದ ಪ್ರತಿ ಕಟ್ಟಡಕ್ಕೂ ಮಾರುಕಟ್ಟೆ ಬೆಲೆ ಕೊಡುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ಪರ್ಮಿಟ್ ವಿಚಾರ ಬಿಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನು ಇಡುವ ಒಂದಂತಸ್ತಿನ ಶೆಡ್ಡು 120 ಚದರ ಅಡಿಯೊಳಗಿದ್ದರೆ ಸಾಮಾನ್ಯವಾಗಿ ಕಟ್ಟಡದ ಪರ್ಮಿಟ್ ಬೇಡ. ಅದಕ್ಕೆ ಕರೆಂಟು, ನೀರು ಎಳೆದ ಕ್ಷಣ ಮಾತು ಬೇರೆ. ಪರ್ಮಿಟ್ ಇಲ್ಲದೆ ಕಟ್ಟಿದ್ದು ಕಣ್ಣಿಗೆ ಬಿದ್ದರೆ, ಕೆಲಸದ ಗುಣಮಟ್ಟ ಹೇಗಿದೆ, ಬೆಲೆಯ ಮೇಲೆ ಏನು ಪರಿಣಾಮ ಎಂದು ಅಪ್ರೈಸರ್ ಬರೆಯಲೇಬೇಕು. ಹಾಗೆ ಕಟ್ಟಿಬಿಟ್ಟವರಿಗೆ ಒಂದು ಸಮಾಧಾನದ ಸುದ್ದಿ ಇದೆ. 2020ರ ಜನವರಿ 1ಕ್ಕೂ ಮೊದಲು ಕಟ್ಟಿದ ಎಡಿಯುಗಳನ್ನು ಸಕ್ರಮ ಮಾಡಿಕೊಳ್ಳಲು 2025ರಿಂದ ಜಾರಿಯಾದ ರಾಜ್ಯದ ಕಾನೂನು ದಾರಿ ಸುಲಭ ಮಾಡಿದೆ. ಆರೋಗ್ಯಕ್ಕೆ, ಸುರಕ್ಷತೆಗೆ ಅಪಾಯ ಇಲ್ಲದಿದ್ದರೆ ಹಳೆಯ ನಿಯಮಭಂಗ ತೋರಿಸಿ ಪರ್ಮಿಟ್ ನಿರಾಕರಿಸುವಂತಿಲ್ಲ.

ಒಂದು ಕಟ್ಟಡಕ್ಕೆ ಒಂದೇ ಹೆಸರು ಇರುತ್ತದೆ ಎಂದೂ ತಿಳಿಯಬೇಡಿ. ತೆರಿಗೆ ಹಾಕುವ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಅಸೆಸರ್ ಬೇರೆ, ಬ್ಯಾಂಕಿನ ಅಪ್ರೈಸರ್ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಎಂಬ ತೆರಿಗೆ ನಿಯಮದ ಕೆಳಗೆ, ಮನೆ ಕೈ ಬದಲಾಗದ ತನಕ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಿತ್ತಲಲ್ಲಿ ಹೊಸದಾಗಿ ಎಡಿಯು ಕಟ್ಟಿದರೆ ಹೊಸ ಭಾಗಕ್ಕೆ ಮಾತ್ರ ಹೊಸ ಮೌಲ್ಯ ಸೇರುತ್ತದೆ. ಹಳೆಯ ಮನೆಯ ಮೌಲ್ಯ ಹಾಗೇ ಮುಂದುವರಿಯುತ್ತದೆ. ಕಟ್ಟಿದರೆ ಇಡೀ ಮನೆಗೆ ತೆರಿಗೆ ಏರುತ್ತದೆ ಎಂದು ಹೆದರಿ ಸುಮ್ಮನಾದವರನ್ನು ನಾನು ಕಂಡಿದ್ದೇನೆ. ಆ ಹೆದರಿಕೆ ಬೇಡ.

ವಿಮೆಯವರ ಅಳತೆ ಮತ್ತೊಂದು ರೀತಿ. ಮನೆಮಾಲೀಕರ ಸಾಮಾನ್ಯ ಎಚ್‌ಒ-3 ಪಾಲಿಸಿಯಲ್ಲಿ ಮುಖ್ಯ ಮನೆ ಒಂದು ಭಾಗ, ಅದರಿಂದ ಖಾಲಿ ಜಾಗ ಬಿಟ್ಟು ನಿಂತ ಕಟ್ಟಡಗಳು ಇನ್ನೊಂದು ಭಾಗ. ಬರೀ ಬೇಲಿಯೋ ವೈರೋ ಜೋಡಿಸಿದ್ದರೆ ಅದು ಬೇರೆ ಕಟ್ಟಡವೇ. ಆ ಎರಡನೇ ಭಾಗಕ್ಕೆ ಸಾಮಾನ್ಯವಾಗಿ ಸಿಗುವ ರಕ್ಷಣೆ ಮುಖ್ಯ ಮನೆಯ ವಿಮೆಯ ಶೇ. 10 ಮಾತ್ರ. ಮನೆಗೆ 5 ಲಕ್ಷ ಡಾಲರ್ ವಿಮೆ ಇದ್ದರೆ ಹಿತ್ತಲಿನ ಎಲ್ಲ ಕಟ್ಟಡಗಳಿಗೂ ಸೇರಿ 50,000. ಒಂದೂವರೆ ಲಕ್ಷ ಖರ್ಚು ಮಾಡಿ ಕಟ್ಟಿಸಿದ ಎಡಿಯುವಿಗೆ ಬೆಂಕಿ ಬಿದ್ದರೆ ಇದು ಎಲ್ಲಿಗೆ ಸಾಲುತ್ತದೆ? ಇನ್ನೂ ಗಂಭೀರವಾದದ್ದು ಬಾಡಿಗೆ ವಿಚಾರ. ಮುಖ್ಯ ಮನೆಯ ಬಾಡಿಗೆದಾರರಲ್ಲದವರಿಗೆ ಆ ಕಟ್ಟಡ ಬಾಡಿಗೆಗೆ ಕೊಟ್ಟರೆ, ಅಥವಾ ಅಲ್ಲಿ ವ್ಯಾಪಾರ ನಡೆಸಿದರೆ, ಈ ಪಾಲಿಸಿಯ ಸಾಮಾನ್ಯ ರೂಪದಲ್ಲಿ ಆ ಕಟ್ಟಡಕ್ಕೆ ರಕ್ಷಣೆಯೇ ಇಲ್ಲ. ಅಮ್ಮ ಊರಿಗೆ ಹೋದ ಮೇಲೆ ಖಾಲಿ ಇರುವುದು ಯಾಕೆ ಎಂದು ಒಬ್ಬ ವಿದ್ಯಾರ್ಥಿಗೆ ಬಾಡಿಗೆ ಕೊಡುವವರು ಮೊದಲು ವಿಮೆಯವರಿಗೆ ಫೋನ್ ಮಾಡಿ, ಬೇಕಾದ ರಕ್ಷಣೆ ಸೇರಿಸಿಕೊಳ್ಳಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಮನೆ ಕೊಳ್ಳುವವರಿಗೂ ಒಂದು ಮಾತು. ಜಾಹೀರಾತಿನಲ್ಲಿ 2,000 ಚದರ ಅಡಿ ಎಂದಿದ್ದರೆ ಅದರಲ್ಲಿ ಹಿತ್ತಲಿನ ಕಟ್ಟಡ ಸೇರಿದೆಯಾ ಎಂದು ಏಜೆಂಟರನ್ನು ಕೇಳಿ. ಸೇರಿಸಿ ಬರೆಯುವವರಿದ್ದಾರೆ. ಆ ಅಂಕಿ ನಂಬಿ ಬೆಲೆ ಒಪ್ಪಿಕೊಂಡರೆ, ಅಪ್ರೈಸಲ್ ಕಡಿಮೆ ಬಂದಾಗ ವ್ಯತ್ಯಾಸದ ದುಡ್ಡನ್ನು ಕೈಯಿಂದ ತುಂಬಬೇಕಾಗಬಹುದು.

ವರದಿ ಬಂದ ಮೇಲೆ ಏನೂ ಮಾಡಲಾಗದು ಎಂದೇನೂ ಇಲ್ಲ. ಸಾಲದ ಕಾಗದಗಳಿಗೆ ಸಹಿ ಹಾಕಿ ವ್ಯವಹಾರ ಮುಗಿಸುವ ದಿನಕ್ಕಿಂತ ಕನಿಷ್ಠ 3 ಕೆಲಸದ ದಿನ ಮೊದಲು ಅದರ ಪ್ರತಿ ಕೊಡಬೇಕು, ಅದು ನಮ್ಮ ಹಕ್ಕು. ಬೆಲೆಯನ್ನು ಮರುಪರಿಶೀಲಿಸಿ ಎಂದು ಸಾಲಗಾರರು ಕೇಳಲು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸ್ಪಷ್ಟ ದಾರಿ ಮಾಡಿವೆ. ಒಂದು ವರದಿಗೆ ಒಂದು ಸಲ ಕೇಳಬಹುದು. ನಮ್ಮ ಕಡೆಯಿಂದ 5 ಕಾಂಪ್‌ವರೆಗೆ ಕೊಡಬಹುದು. ಹಿತ್ತಲಲ್ಲಿ ಅಂಥದ್ದೇ ರೂಮು ಇದ್ದು ಮಾರಾಟವಾದ ಮನೆಗಳನ್ನು ಹುಡುಕಿ ಕೊಡಿ. ಸಿಟ್ಟಿನ ಪತ್ರಕ್ಕಿಂತ ಅಂಥ ಎರಡು ವಿಳಾಸ ಹೆಚ್ಚು ಕೆಲಸ ಮಾಡುತ್ತದೆ.

ಗೆಳೆಯ ಹಾಗೇ ಮಾಡಿದ. ನಾವಿಬ್ಬರೂ ಎರಡು ಸಂಜೆ ಕೂತು ಹುಡುಕಿದೆವು. ಪಕ್ಕದ ಬಡಾವಣೆಯಲ್ಲಿ ಎರಡು ಮನೆ ಸಿಕ್ಕವು. ರೂಮಿನ ಸಾಲಿನಲ್ಲಿದ್ದ ಅಂಕಿ ಸ್ವಲ್ಪ ಮೇಲೆ ಹೋಯಿತು. ಅವನು ಅಂದುಕೊಂಡಷ್ಟಲ್ಲ, ಆದರೆ ಸಾಲಕ್ಕೆ ಸಾಕಾಯಿತು. ವಾಸದ ಜಾಗ ಮಾತ್ರ 1,600 ಆಗಿಯೇ ಉಳಿಯಿತು. ಅದು ಸರಿ ಎಂದು ಈಗ ಅವನೂ ಒಪ್ಪುತ್ತಾನೆ.

ಹೋದ ತಿಂಗಳು ಎಡಿಯು ಪರ್ಮಿಟ್ಟಿಗೆ ಅರ್ಜಿ ಹಾಕಿದ. ಮೊನ್ನೆ ಹೋದಾಗ ರೂಮಿನ ಕಪಾಟುಗಳನ್ನು ಬಿಚ್ಚಿ ಹೊರಗಿಟ್ಟಿದ್ದ. ಅಮ್ಮ ಮನೆಯೊಳಗಿನ ಬೆಡ್‌ರೂಮಿಗೆ ಬಂದಿದ್ದಾರೆ, ಫಿಲ್ಟರ್ ಸಮೇತ. ಹೊಸ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ತೋರಿಸಿದ. ಕೌಂಟರಿನ ನಡುವೆ 30 ಇಂಚು ಜಾಗ ಬಿಟ್ಟು, ಅದರ ಹಿಂದಿನ ಗೋಡೆಯ ಮೇಲೆ ಒಂದು ಸಣ್ಣ ವೃತ್ತ ಬರೆದು, ಪಕ್ಕದಲ್ಲಿ 240 ಎಂದು ಗುರುತು ಹಾಕಿದ್ದರು.